ಹಳೆ ಲಿಮಾ ಎಂಜಿನ್‌ಗೆ ಸಿಡಿ ಪ್ಲೇಯರ್ ಮೋಟಾರ್ ಕೂರಿಸುವುದು

ಅಟ್ಟದ ಮೇಲಿಂದ ಹಳೆ ಲಿಮಾ ಕಂಪನಿಯ ಮಾಡೆಲ್ ರೈಲಿನ ಡೀಸೆಲ್ ಎಂಜಿನ್ ಇಳಿಸಿ ಹಳಿ ಮೇಲೆ ಇಟ್ಟಿದ್ದೀರಿ, ಹಳಿಗೆ ಕರೆಂಟ್ ಕೊಡುವ ಕಂಟ್ರೋಲರ್ ತಿರುಗಿಸಿದರೆ ಗರ್ರ್ ಅನ್ನುತ್ತದೆ, ಅಲ್ಲಾಡುವುದಿಲ್ಲ, ಇನ್ನೂ ತಿರುಗಿಸಿದರೆ ಒಂದೇ ಸಲಕ್ಕೆ ಕಪ್ಪೆ ಥರ ಹಾರುತ್ತದೆ. ಇಟಲಿಯ ಆ ಕಂಪನಿ 2004ರಲ್ಲೇ ಮುಚ್ಚಿತು, ಹೆಸರು ಈಗ ಹಾರ್ನ್‌ಬಿ ಕೈಲಿದೆ. ಹಳೆ ಚಪ್ಪಟೆ ಮೋಟಾರ್ ಬೇಕೆಂದರೆ ಸೆಕೆಂಡ್ ಹ್ಯಾಂಡ್ ಹುಡುಕಬೇಕು, ಅದೂ ಇಷ್ಟೇ ಹಳೆಯದಾಗಿರುತ್ತದೆ. ಅದಕ್ಕೇ ಜನ ಸಿಡಿ ಪ್ಲೇಯರ್‌ನ ಮೋಟಾರ್ ಹಾಕುತ್ತಾರೆ. ನಾನೂ ಹಾಕಿದ್ದೇನೆ, ಎರಡು ಸಲ. ಮೊದಲನೇದು ಹಾಳಾಯಿತು, ಆ ಕಥೆ ಆಮೇಲೆ.

ಬಿಚ್ಚುವ ಮೊದಲು ಒಂದು ಮಾತು. ಸತ್ತಿದೆ ಅಂದುಕೊಂಡ ಎಷ್ಟೋ ಮೋಟಾರ್ ಸತ್ತಿರುವುದಿಲ್ಲ, ಕೊಳೆ ಹಿಡಿದಿರುತ್ತದೆ ಅಷ್ಟೇ. ಹಿಂಬದಿಯ ಪ್ಲೇಟ್ ತೆಗೆದು ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತಾಮ್ರದ ಕಮ್ಯುಟೇಟರ್ ನೋಡಿ. ಅದರ ಮೂರು ತುಂಡುಗಳ ನಡುವಿನ ಸಂದಿಯಲ್ಲಿ ಕಾರ್ಬನ್ ಪುಡಿ ಕಪ್ಪಗೆ ತುಂಬಿದ್ದರೆ ಹಲ್ಲುಕಡ್ಡಿಯಲ್ಲಿ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಇಯರ್ ಬಡ್‌ನಲ್ಲಿ ಒರೆಸಿ. ಅದಕ್ಕೆ ಒತ್ತಿಕೊಂಡಿರುವ ಕಾರ್ಬನ್ ತುಂಡು, ಅಂದರೆ ಬ್ರಷ್, ಸವೆದಿದೆಯಾ, ಸ್ಪ್ರಿಂಗ್ ಸುಟ್ಟಿದೆಯಾ ನೋಡಿ. ಇಷ್ಟಕ್ಕೇ ಓಡಿದರೆ ಹೊಸ ಮೋಟಾರ್ ಯಾಕೆ, ಅಲ್ವಾ? ಕ್ಲೀನ್ ಮಾಡಿದ ಮೇಲೂ ಎರಡು ನಿಮಿಷಕ್ಕೇ ಮುಟ್ಟಲಾಗದಷ್ಟು ಬಿಸಿಯಾದರೆ ಮಾತ್ರ ಮುಂದೆ ಹೋಗಿ.

ಮೋಟಾರ್ ಹುಡುಕುವಾಗ ಮೋಸ ಹೋಗಬೇಡಿ. ನಮಗೆ ಬೇಕಿರುವುದು ಹಳೆ ಸಿಡಿ ಪ್ಲೇಯರ್‌ನಲ್ಲಿ ಸಿಗುವ ದುಂಡನೆಯ, ಎರಡೇ ಟರ್ಮಿನಲ್ ಇರುವ ಮೋಟಾರ್, ಸುಮಾರು 24 ಮಿಮೀ ಅಗಲ, 12 ಮಿಮೀ ದಪ್ಪ, 2 ಮಿಮೀ ಶಾಫ್ಟ್. ಕಂಪ್ಯೂಟರ್‌ನ ಡಿವಿಡಿ ಡ್ರೈವ್‌ನಲ್ಲಿ ಡಿಸ್ಕ್ ತಿರುಗಿಸುವ ಮೋಟಾರ್ ಬ್ರಷ್‌ಲೆಸ್, ಅದಕ್ಕೆ ಚಪ್ಪಟೆ ರಿಬ್ಬನ್ ಇರುತ್ತದೆ, ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೆಂಗಳೂರಿನವರಾದರೆ ಎಸ್‌ಪಿ ರೋಡ್‌ಗೆ ಹೋಗುವಾಗ ಜೇಬಲ್ಲಿ ಒಂದು ಪೆನ್ ಟಾರ್ಚ್ ಸೆಲ್ ಇಟ್ಟುಕೊಳ್ಳಿ, ಅಲ್ಲೇ ಎರಡು ಟರ್ಮಿನಲ್‌ಗೆ ಮುಟ್ಟಿಸಿ ನೋಡಿ, ತಿರುಗಿದರೆ ತಗೊಳ್ಳಿ.

ಇನ್ನು ಬಿಚ್ಚುವ ಕೆಲಸ. ಬಾಡಿ ತೆಗೆದರೆ ಎರಡು ಬೋಗಿ (ಇಲ್ಲಿ ಬೋಗಿ ಅಂದರೆ ರೈಲು ಡಬ್ಬಿಯಲ್ಲ, ಎಂಜಿನ್ ಕೆಳಗೆ ಚಕ್ರ ಕೂತಿರುವ ಚೌಕಟ್ಟು) ಕಾಣುತ್ತವೆ, ಒಂದರಲ್ಲಿ ಮಾತ್ರ ಮೋಟಾರ್. ವೈರ್ ಬಿಡಿಸುವ ಮುಂಚೆ ಫೋನ್‌ನಲ್ಲಿ ಫೋಟೋ ತೆಗೆದುಕೊಳ್ಳಿ, ಆಮೇಲೆ ನೆನಪಿರುವುದಿಲ್ಲ. ಬ್ರಷ್ ಪ್ಲೇಟ್, ಆರ್ಮೇಚರ್ (ತಂತಿ ಸುತ್ತಿದ, ತಿರುಗುವ ಭಾಗ), ಉಂಗುರದಂಥ ಮ್ಯಾಗ್ನೆಟ್ ಎಲ್ಲಾ ಹೊರಗೆ. ಕೆಳಗೆ ಬಿಳಿ ಟವೆಲ್ ಹಾಸಿಕೊಂಡರೆ ಸ್ಪ್ರಿಂಗ್ ಹಾರಿದರೂ ಸಿಗುತ್ತದೆ.

ಹಳೆ ಆರ್ಮೇಚರ್‌ನ ತುದಿಯಲ್ಲಿರುವ ಪುಟ್ಟ ಹಲ್ಲಿನ ಚಕ್ರ, ಅಂದರೆ ಪಿನಿಯನ್, ನಮಗೆ ಬೇಕು. ವೈಸ್ ಬಾಯನ್ನು ಶಾಫ್ಟ್ ತೂರುವಷ್ಟು ಮಾತ್ರ ತೆರೆದು, ಪಿನಿಯನ್ ಅದರ ಮೇಲೆ ಕೂರುವ ಹಾಗೆ ಇಟ್ಟು, ಶಾಫ್ಟ್ ತುದಿಗೆ ಸಣ್ಣ ಪಂಚ್‌ನಿಂದ ಮೆಲ್ಲಗೆ ಬಡಿದರೆ ಬಿಟ್ಟುಕೊಳ್ಳುತ್ತದೆ. ಬರಲಿಲ್ಲ, ಅಥವಾ ಬಂದರೂ ತೂತಿನ ಅಳತೆ ಹೊಂದಲಿಲ್ಲ ಅಂದರೆ ಹಲ್ಲು ಎಣಿಸಿ, ಅಷ್ಟೇ ಹಲ್ಲಿನ, ಅದೇ ಮಾಡ್ಯೂಲ್‌ನ (ಹಲ್ಲಿನ ಗಾತ್ರದ ಅಳತೆ), 2 ಮಿಮೀ ತೂತಿನ ಹಿತ್ತಾಳೆ ಪಿನಿಯನ್ ತರಿಸಿ. ಹೊಸ ಮೋಟಾರ್‌ಗೆ ಅದನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಲೇಬೇಡಿ, ಒಳಗಿನ ಬೇರಿಂಗ್ ಕಿತ್ತು ಬರುತ್ತದೆ. ವೈಸ್‌ನಲ್ಲೇ ನಿಧಾನಕ್ಕೆ ಒತ್ತಿ.

ನನ್ನ ಮೊದಲ ಮೋಟಾರ್ ಹೋಗಿದ್ದು ಇಲ್ಲೇ. ಪಿನಿಯನ್ ಸ್ವಲ್ಪ ಲೂಸ್ ಇತ್ತು, ಒಂದು ಹನಿ ಫೆವಿಕ್ವಿಕ್ ಬಿಟ್ಟೆ. ಅದು ನೀರಿನಷ್ಟು ತೆಳು, ಶಾಫ್ಟ್ ಗುಂಟ ಹರಿದು ಸೀದಾ ಬೇರಿಂಗ್ ಒಳಗೆ ಹೋಯಿತು. ಹತ್ತು ಸೆಕೆಂಡಿಗೆ ಮೋಟಾರ್ ಕಲ್ಲು. ಎರಡನೇ ಸಲ ಅರಾಲ್ಡೈಟ್ ಕಲಸಿ, ಸೂಜಿ ಮೊನೆಯಷ್ಟು ಪಿನಿಯನ್ ತೂತಿನ ಒಳಗೆ ಸವರಿ, ಶಾಫ್ಟ್ ಕೆಳಮುಖವಾಗಿ ಇಟ್ಟು ರಾತ್ರಿಯೆಲ್ಲ ಬಿಟ್ಟೆ.

ಈಗ ಅಸಲಿ ಕೆಲಸ. ಹೊಸ ಮೋಟಾರ್ ಮುಂದಿನ ಉಬ್ಬು ಹಳೆ ಬೇರಿಂಗ್ ತೂತಿನಲ್ಲಿ ಹಿಡಿಯುವುದಿಲ್ಲ, ತೂತನ್ನು ಕೈ ಡ್ರಿಲ್‌ನಲ್ಲಿ ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡಬೇಕು. ಮ್ಯಾಗ್ನೆಟ್ ಇದ್ದ ಜಾಗವೂ ಮೋಟಾರ್‌ಗಿಂತ ಅಗಲ, ಆ ಸಂದಿಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಶಾಫ್ಟ್ ಹಳೆಯದು ಇದ್ದ ನಡುವಿಗೇ ಬರಬೇಕು, ಕೂದಲೆಳೆಯಷ್ಟು ಆಚೀಚೆ ಆದರೂ ಗೇರ್ ಕಿರುಚುತ್ತದೆ ಇಲ್ಲವೇ ಹಲ್ಲು ಜಾರುತ್ತದೆ. ಇದಕ್ಕೆ ಬಸ್ ಟಿಕೆಟ್ ಸಾಕು. ತೆಳ್ಳಗಿನ ಬಿಎಂಟಿಸಿ ಟಿಕೆಟ್‌ನ ಒಂದು ಎಳೆ ಕತ್ತರಿಸಿ ಪಿನಿಯನ್‌ಗೂ ಮುಂದಿನ ಗೇರ್‌ಗೂ ನಡುವೆ ಇಟ್ಟು, ಮೋಟಾರನ್ನು ಗೇರ್ ಕಡೆ ಒತ್ತಿ, ಒಂದೇ ಕಡೆ ಚೂರು ಅರಾಲ್ಡೈಟ್ ಹಚ್ಚಿ. ಒಣಗಿದ ಮೇಲೆ ಚಕ್ರ ತಿರುಗಿಸಿ ಟಿಕೆಟ್ ಹೊರಗೆ ಎಳೆಯಿರಿ. ಅದರ ಮೇಲೆ ಹಲ್ಲಿನ ಮಡಿಕೆ ಸಾಲಾಗಿ ಬಿದ್ದಿರಬೇಕು, ಆದರೆ ಎಲ್ಲೂ ಹರಿದಿರಬಾರದು. ಹರಿದಿದ್ದರೆ ಬಿಗಿ ಜಾಸ್ತಿ, ಮಡಿಕೆಯೇ ಇಲ್ಲದಿದ್ದರೆ ಸಡಿಲ. ಸರಿಯಿದ್ದರೆ ಮಾತ್ರ ಉಳಿದ ಎರಡು ಮೂರು ಕಡೆ ಅಂಟು ಹಾಕಿ. ಅವಸರ ಮಾಡಿದರೆ ಎಲ್ಲಾ ಕಿತ್ತು ಮತ್ತೆ ಶುರು.

ವೈರಿಂಗ್ ಸುಲಭ. ಒಂದು ಎಚ್ಚರಿಕೆ: ಈ ಮೋಟಾರ್‌ಗಳು ಸಾಮಾನ್ಯವಾಗಿ 6 ವೋಲ್ಟ್ ಆಸುಪಾಸಿನವು, ನಮ್ಮ ಕಂಟ್ರೋಲರ್ ಕೊಡುವುದು 12. ಅದಕ್ಕೆ ಸೀರೀಸ್‌ನಲ್ಲಿ 33 ಓಮ್, 1 ವ್ಯಾಟ್ ರೆಸಿಸ್ಟರ್ ಹಾಕಿ. 100 ಮಿಲಿಆಂಪ್ ಹರಿದಾಗ ಅದು 3 ವೋಲ್ಟ್‌ಗೂ ಸ್ವಲ್ಪ ಜಾಸ್ತಿ ನುಂಗುತ್ತದೆ. ಅಷ್ಟಾದರೂ ನಾಬ್ ಪೂರ್ತಿ ತಿರುಗಿಸಬೇಡಿ, ಮುಕ್ಕಾಲು ಸಾಕು. ರೆಸಿಸ್ಟರ್ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಬಾಡಿಗೆ ತಾಗದ ಹಾಗೆ ಇಡಿ. ಡಿಸಿಸಿ (ಡಿಜಿಟಲ್ ಕಂಟ್ರೋಲ್) ಇರುವವರು ಎಂಜಿನ್ ಒಳಗಿನ ಡಿಕೋಡರ್ ಚಿಪ್‌ನಲ್ಲಿ ಸಿವಿ 5, ಅಂದರೆ ಮೋಟಾರ್‌ಗೆ ಹೋಗುವ ಗರಿಷ್ಠ ವೋಲ್ಟ್‌ನ ಸೆಟ್ಟಿಂಗ್, ಇಳಿಸಿಕೊಂಡರೆ ಆಯಿತು. ಎಂಜಿನ್ ಮುಂದಕ್ಕೆ ಹೋಗುವಾಗ ಬಲಗಡೆ ಹಳಿ ಪಾಸಿಟಿವ್ ಇರಬೇಕು. ಉಲ್ಟಾ ಓಡಿದರೆ ಮೋಟಾರ್‌ನ ಎರಡು ವೈರ್ ಅದಲು ಬದಲು ಮಾಡಿ.

ಓಡುತ್ತದೆ, ಆದರೆ ಎರಡು ಡಬ್ಬಿ ಎಳೆಯುವಾಗಲೇ ಚಕ್ರ ಜಾರುತ್ತದೆ. ಗಾಬರಿ ಬೇಡ, ಮ್ಯಾಗ್ನೆಟ್ ತೆಗೆದದ್ದಕ್ಕೆ ತೂಕ ಕಮ್ಮಿಯಾಗಿದೆ. ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸುತ್ತಾರಲ್ಲ, ಆ ತೂಕದ ಪಟ್ಟಿ ಕೇಳಿ, ಮೋಟಾರ್ ಬೋಗಿಯ ಮೇಲೆ ಬರುವ ಹಾಗೆ ಬಾಡಿ ಒಳಗೆ ಅಂಟಿಸಿ. ಗೇರ್‌ಗೆ ಸೂಜಿ ತುದಿಯಲ್ಲಿ ಒಂದೇ ಹನಿ ತೆಳು ಎಣ್ಣೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಡಿಸೆಂಬರ್ ಚಳಿಗೆ ಗೇರ್ ಸಮೇತ ಹೆಪ್ಪುಗಟ್ಟುತ್ತದೆ.

ಇಷ್ಟೆಲ್ಲ ಆಗಿಯೂ ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ) ಮೇಲೆ ತಡವರಿಸಿದರೆ ಮೋಟಾರ್ ಬಯ್ಯಬೇಡಿ. ಈ ಎಂಜಿನ್‌ಗಳಲ್ಲಿ ಒಂದು ಬೋಗಿ ಒಂದು ಹಳಿಯಿಂದ, ಇನ್ನೊಂದು ಬೋಗಿ ಇನ್ನೊಂದು ಹಳಿಯಿಂದ ಕರೆಂಟ್ ತಗೊಳ್ಳುತ್ತದೆ, ಅಷ್ಟೇ. ಮೋಟಾರ್ ಇಲ್ಲದ ಬೋಗಿಯ ಇನ್ನೊಂದು ಬದಿಯ ಚಕ್ರಕ್ಕೂ ತೆಳುವಾದ ಫಾಸ್ಫರ್ ಬ್ರಾಂಜ್ ತಂತಿ ತಾಗಿಸಿ ವೈರ್ ಎಳೆಯಿರಿ, ಅರ್ಧ ಗಂಟೆ ಕೆಲಸ. ಬಾಡಿ ಮುಚ್ಚುವ ಮುಂಚೆ ಹಿಂದಕ್ಕೆ ಮುಂದಕ್ಕೆ ಅರ್ಧರ್ಧ ಗಂಟೆ ನಿಧಾನಕ್ಕೆ ಓಡಿಸಿ, ಆಮೇಲೆ ಮೋಟಾರ್ ಮೇಲೆ ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಬಾಡಿ ಮುಚ್ಚಬಹುದು.