ತುಂಬಿದ ಬಾಟಲಿಯನ್ನು ಅನುಮಾನಿಸಲು ಕಲಿತದ್ದು

ಬೆಂಗಳೂರಿನ ಒಂದು ಪ್ರಯೋಗಾಲಯದ ಅನಿಮಲ್ ಹೌಸ್‌ನಲ್ಲಿ ಪುಟ್ಟ ಇಲಿಗಳ (ಮೌಸ್) ಆರೈಕೆಗೆಂದು ಸೇರಿದಾಗ, ಹೊತ್ತಿಗೆ ಸರಿಯಾಗಿ ಆಹಾರ, ನೀರು ಇಟ್ಟು ಪಂಜರದ ಹೊಟ್ಟು ಬದಲಿಸಿದರೆ ಕೆಲಸ ಮುಗಿಯಿತೆಂದು ನಾನು ತಿಳಿದಿದ್ದೆ. ಮೂರನೆಯ ತಿಂಗಳಲ್ಲಿ ಆ ತಿಳಿವಳಿಕೆ ಸುಳ್ಳಾಯಿತು. ಆಗತಾನೇ ತಾಯಿಯಿಂದ ಬೇರ್ಪಡಿಸಿದ್ದ ನಾಲ್ಕು ಹೆಣ್ಣುಮರಿಗಳ ಪಂಜರದಲ್ಲಿ ನೀರಿನ ಬಾಟಲಿ ಎರಡು ದಿನವೂ ತುಂಬಿಯೇ ಇತ್ತು. ನೀರು ಸಾಕಷ್ಟಿದೆಯೆಂದು ನೆಮ್ಮದಿಯಿಂದ ಮುಂದಿನ ಪಂಜರಕ್ಕೆ ಹೋಗಿದ್ದೆ. ಮೂರನೆಯ ಬೆಳಿಗ್ಗೆ ಎರಡು ಮರಿಗಳು ಸತ್ತಿದ್ದವು, ಉಳಿದೆರಡು ರೋಮ ನಿಮಿರಿಸಿಕೊಂಡು ಬೆನ್ನು ಬಾಗಿಸಿ ಮೂಲೆಯಲ್ಲಿ ಕುಳಿತಿದ್ದವು. ಬಾಟಲಿಯ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡು ಒಂದು ಹನಿಯೂ ಇಳಿದಿರಲಿಲ್ಲ. ನೀರಿಲ್ಲದ ಇಲಿ ತಿನ್ನುವುದನ್ನೂ ನಿಲ್ಲಿಸುತ್ತದೆ. ಕಡಿಮೆಯಾಗದ ಆಹಾರವೂ ಅದನ್ನೇ ಹೇಳುತ್ತಿತ್ತು, ನಾನು ಗಮನಿಸಿರಲಿಲ್ಲ.

ಬೆಳೆದ ಇಲಿಯೊಂದು ದಿನಕ್ಕೆ ಸುಮಾರು 3ರಿಂದ 5 ಗ್ರಾಂ ಆಹಾರ ತಿಂದು, 4ರಿಂದ 6 ಮಿಲಿಲೀಟರ್ ನೀರು ಕುಡಿಯುತ್ತದೆ. ಅಂದಿನಿಂದ ಬಾಟಲಿಯನ್ನು ಬೋರಲು ಹಾಕಿದ ಮೇಲೆ ಕೊಳವೆಯ ತುದಿಯನ್ನು ಬೆರಳಿನಿಂದ ಮುಟ್ಟಿ, ಹನಿ ಬಂದದ್ದನ್ನು ಕಣ್ಣಾರೆ ಕಂಡ ನಂತರವೇ ಪಂಜರ ಮುಚ್ಚುತ್ತೇನೆ. ನೀರಿನ ಮಟ್ಟಕ್ಕೆ ಗುರುತು ಹಾಕಿ, ಮರುದಿನ ಅದು ಇಳಿಯದಿದ್ದರೆ ಬಾಟಲಿಯನ್ನೇ ಬದಲಿಸುತ್ತೇನೆ. ಸೋರುವ ಬಾಟಲಿಯೂ ಅಷ್ಟೇ ಅಪಾಯಕಾರಿ, ಏಕೆಂದರೆ ಒದ್ದೆ ಹೊಟ್ಟಿನಲ್ಲಿ ಆ ಪುಟ್ಟ ದೇಹ ಬಹಳ ಬೇಗ ತಣ್ಣಗಾಗುತ್ತದೆ.

ಇಲಿಯ ಬಾಚಿಹಲ್ಲುಗಳು ಜೀವನವಿಡೀ ಬೆಳೆಯುವುದರಿಂದ ಗಟ್ಟಿ ಪೆಲೆಟ್ (ಒತ್ತಿ ಮಾಡಿದ ಆಹಾರದ ತುಂಡು) ಕಡಿಯುವುದು ಅವುಗಳಿಗೆ ಒಳ್ಳೆಯದು. ಆದರೆ ರೋಗಾಣುಗಳನ್ನು ಕೊಲ್ಲಲು ಆಟೋಕ್ಲೇವ್ ಎಂಬ ಒತ್ತಡದ ಪಾತ್ರೆಯಲ್ಲಿ ಹಬೆಗಿಟ್ಟ ಪೆಲೆಟ್ ಇನ್ನಷ್ಟು ಗಟ್ಟಿಯಾಗುತ್ತದೆ, ಥಯಾಮಿನ್‌ನಂಥ ಜೀವಸತ್ವಗಳೂ ಶಾಖಕ್ಕೆ ನಾಶವಾಗುತ್ತವೆ. ಆದ್ದರಿಂದ ಹಬೆಗಿಡುವುದಕ್ಕೆಂದೇ ಹೆಚ್ಚುವರಿ ಜೀವಸತ್ವ ಸೇರಿಸಿ ತಯಾರಿಸಿದ ಆಹಾರವನ್ನೇ ತರಿಸುತ್ತೇವೆ. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಇಟ್ಟು, ತಯಾರಾದ ದಿನಾಂಕ ನೋಡಿ ಹಳೆಯದನ್ನು ಮೊದಲು ಬಳಸುತ್ತೇನೆ. 21ನೆಯ ದಿನಕ್ಕೆ ತಾಯಿಯನ್ನು ಬಿಟ್ಟ ಮರಿಗಳಿಗೆ ಪಂಜರದ ಮೇಲ್ಭಾಗದ ಜಾಲರಿಯಲ್ಲಿಟ್ಟ ಪೆಲೆಟ್ ಎಟುಕುವುದು ಕಷ್ಟ. ಮೊದಲ ಕೆಲವು ದಿನ ನೀರಿನಲ್ಲಿ ನೆನೆಸಿದ ಪೆಲೆಟ್ಟನ್ನು ಪಂಜರದ ನೆಲದಲ್ಲೇ ಇಟ್ಟು, ಬೂಸ್ಟು ಬರುವ ಮೊದಲೇ ದಿನವೂ ಬದಲಿಸುತ್ತೇನೆ. ಹಾಲುಣಿಸುವ ತಾಯಿ ಮಾಮೂಲಿಗಿಂತ ಎರಡು ಪಟ್ಟಿಗೂ ಹೆಚ್ಚು ತಿನ್ನುತ್ತಾಳೆ, ಅವಳ ಜಾಲರಿ ಎಂದೂ ಖಾಲಿಯಾಗಬಾರದು.

ನಮಗೆ ಹಿತವೆನಿಸುವ 22 ಡಿಗ್ರಿಯ ಕೋಣೆ ಇಲಿಗೆ ಚಳಿ. ಅದಕ್ಕೆ ಹಿತವಾಗುವುದು 30 ಡಿಗ್ರಿಯ ಆಸುಪಾಸು. ಆದ್ದರಿಂದ ಗೂಡು ಕಟ್ಟಲು ಟಿಶ್ಯೂ ಕಾಗದವನ್ನೋ ಹತ್ತಿಯ ತುಂಡನ್ನೋ ಕೊಡುವುದನ್ನು ನಾನು ಬರೀ ಅಲಂಕಾರವೆಂದು ಒಪ್ಪುವುದಿಲ್ಲ, ಅದು ಆಹಾರದಷ್ಟೇ ಅಗತ್ಯ. ನಿನ್ನೆ ಬಟ್ಟಲಿನಂತೆ ಕಟ್ಟಿದ್ದ ಗೂಡು ಇಂದು ಚದುರಿ ಬಿದ್ದಿದ್ದರೆ ಆ ಪಂಜರವನ್ನು ಎರಡನೆಯ ಸಲ ನೋಡುತ್ತೇನೆ. ಪಂಜರ ಬದಲಿಸುವಾಗ ಹಳೆಯ ಗೂಡಿನ ಒಂದಿಷ್ಟು ಭಾಗವನ್ನು ಹೊಸದಕ್ಕೆ ಸಾಗಿಸುತ್ತೇನೆ. ಪರಿಚಿತ ವಾಸನೆ ಉಳಿದರೆ ಗಂಡುಗಳ ಕಾದಾಟ ಕಡಿಮೆಯಾಗುತ್ತದೆ.

ಬಾಲ ಹಿಡಿದು ಎತ್ತುವುದನ್ನೇ ನನಗೂ ಮೊದಲು ಕಲಿಸಿದ್ದರು. ಹಾಗೆ ಎತ್ತಿದ ಇಲಿಗಳಿಗಿಂತ ಕೊಳವೆಯಲ್ಲೋ ಬೊಗಸೆಯಲ್ಲೋ ಎತ್ತಿದವು ಕಡಿಮೆ ಆತಂಕ ತೋರುತ್ತವೆಂದು ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರಾದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ 2010ರಲ್ಲಿ ತೋರಿಸಿದ್ದನ್ನು ಓದಿದ ಮೇಲೆ, ಪ್ರತಿ ಪಂಜರಕ್ಕೂ ಒಂದೊಂದು ಪ್ಲಾಸ್ಟಿಕ್ ಕೊಳವೆ ಇಟ್ಟೆವು. ಕೆಲವು ವಾರಗಳಲ್ಲಿ ಅವು ತಾವಾಗಿಯೇ ಕೊಳವೆಯೊಳಕ್ಕೆ ನಡೆಯತೊಡಗಿದವು. ಈಗ ವಾರದ ತೂಕ ನೋಡುವುದೂ ಆ ಕೊಳವೆಯಿಂದಲೇ. ತೂಕ ಇಳಿಯುತ್ತಿರುವ ಇಲಿ ಕಂಡರೆ ಮೊದಲು ಬಾಟಲಿ, ಆಮೇಲೆ ಹಲ್ಲು ನೋಡಿ, ಪ್ರಯೋಗ ಮುಗಿಯಲು ಇನ್ನೆರಡೇ ದಿನ ಬಾಕಿಯಿದ್ದರೂ ಅದೇ ದಿನ ಪಶುವೈದ್ಯರಿಗೆ ತಿಳಿಸುತ್ತೇನೆ.