ಗೋದಾಮಿನ ಬಾಡಿಗೆ ಮೇಲಿನ ಜಿಎಸ್‌ಟಿ: ಬಿಟ್ಟುಹೋದದ್ದನ್ನು ಸರಿಪಡಿಸಿದ್ದು

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕ, ಗೋದಾಮಿನ ಬಾಡಿಗೆ ತಿಂಗಳಿಗೆ 30,000. ಮಾಲೀಕರಿಗೆ ಜಿಎಸ್‌ಟಿ ನಂಬರ್ ಇಲ್ಲ. ಹಾಗಾದರೆ ತೆರಿಗೆಯೂ ಇಲ್ಲ ಅಂದುಕೊಂಡದ್ದೇ ಎಡವಟ್ಟು. 2024ರ ಅಕ್ಟೋಬರ್ 10ರಿಂದ ಇಂಥ ಬಾಡಿಗೆಯ ಮೇಲಿನ 18% ಜಿಎಸ್‌ಟಿಯನ್ನು ಮಾಲೀಕರ ಬದಲು ನೋಂದಾಯಿತ ಬಾಡಿಗೆದಾರನೇ ಕಟ್ಟಬೇಕು: ಕೇಂದ್ರಕ್ಕೆ 2,700, ರಾಜ್ಯಕ್ಕೆ 2,700. (ಕಾಂಪೊಸಿಷನ್‌ನಲ್ಲಿರುವವರಿಗೆ, ಅಂದರೆ ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳಿಗೆ, 2025ರ ಜನವರಿ 16ರಿಂದ ಈ ತಲೆನೋವಿಲ್ಲ.)

ಬಿಟ್ಟುಹೋದದ್ದು ಮೂರು ತಿಂಗಳು. ಮೊದಲು ಮೂರಕ್ಕೂ ಸೆಲ್ಫ್ ಇನ್ವಾಯ್ಸ್ (ಮಾಲೀಕರ ಬದಲು ಬಾಡಿಗೆದಾರನೇ ಬರೆದುಕೊಳ್ಳುವ ಬಿಲ್ಲು) ಬರೆದೆವು. ಅಸಲಿಗೆ ಇದನ್ನು 30 ದಿನದೊಳಗೇ ಬರೆಯಬೇಕು. ತಡವಾಯಿತೆಂದು ಹಳೆ ತಾರೀಖು ಹಾಕಬೇಡಿ. ಆಮೇಲೆ ತೆರಿಗೆ ಲೆಕ್ಕ ತೋರಿಸಿ ಕಟ್ಟುವ ಜಿಎಸ್‌ಟಿಆರ್-3ಬಿ ರಿಟರ್ನಿನ 3.1(ಡಿ) ಕಲಂನಲ್ಲಿ ಬಾಡಿಗೆ 90,000, ತೆರಿಗೆ 16,200 ತುಂಬಿದೆವು. ಎಲ್ಲರೂ ಎಡವುವುದು ಇಲ್ಲೇ: ಬಟ್ಟೆ, ಜಿಪ್ಪು ಖರೀದಿಯ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ, ಮಾರಾಟದ ತೆರಿಗೆಗೆ ಹೊಂದಿಸಿಕೊಳ್ಳಬಹುದಾದ ಜಿಎಸ್‌ಟಿ) ಎಷ್ಟೇ ಬಿದ್ದಿರಲಿ, ಇದಕ್ಕೆ ಹೊಂದಿಸಲು ಬರುವುದಿಲ್ಲ. ಚಲನ್ ತೆಗೆದು ಜಿಎಸ್‌ಟಿ ಪೋರ್ಟಲ್‌ನ ನಗದು ಖಾತೆಯಾದ ಕ್ಯಾಶ್ ಲೆಡ್ಜರ್‌ಗೆ ದುಡ್ಡು ಹಾಕಲೇಬೇಕು. ಅದೇ ರಿಟರ್ನಿನ 4(ಎ)(3)ರಲ್ಲಿ ಆ 16,200 ಕ್ರೆಡಿಟ್ ಆಗಿ ವಾಪಸ್ ಬಂತು. ಕೈಯಿಂದ ಹೋದದ್ದು ಬಡ್ಡಿ ಮಾತ್ರ, ವರ್ಷಕ್ಕೆ 18%. ಒಂದು ತಿಂಗಳ 5,400ಕ್ಕೆ 60 ದಿನ ತಡವಾದರೆ ಸುಮಾರು 160 ರೂಪಾಯಿ.

ಸೆಲ್ಫ್ ಇನ್ವಾಯ್ಸ್‌ಗಳ ನಂಬರ್ ಸರಣಿಯನ್ನು ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನಿನ 13ನೇ ಟೇಬಲ್‌ನಲ್ಲೂ ತೋರಿಸಬೇಕು.