ಓ.ಆರ್.ಎಸ್. ಪೊಟ್ಟಣದಿಂದ ಶುರುವಾದ ಓದು

ನಮ್ಮ ಐದನೇ ತರಗತಿಯ ಮಕ್ಕಳು ಪರಿಸರ ಅಧ್ಯಯನದ ಪಾಠವನ್ನು ತಡವರಿಸದೆ ಓದುತ್ತಿದ್ದರು. ಪ್ರಶ್ನೆ ಕೇಳಿದರೆ ಅದರಲ್ಲಿನ ಪದ ಪಾಠದಲ್ಲಿ ಎಲ್ಲಿದೆಯೆಂದು ಬೆರಳಿಟ್ಟು ಹುಡುಕಿ, ಆ ವಾಕ್ಯವನ್ನೇ ಇಡಿಯಾಗಿ ಇಳಿಸಿ, ಅಂಕವನ್ನೂ ಪಡೆಯುತ್ತಿದ್ದರು. ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿದ ದಿನ 26 ಮಕ್ಕಳಲ್ಲಿ ಉತ್ತರಿಸಿದವರು ನಾಲ್ವರೋ ಐವರೋ.

ಮೊದಲ ವರ್ಷ ದಿನಪತ್ರಿಕೆಗಳ ವಿಜ್ಞಾನ ಬರಹಗಳನ್ನು ಕತ್ತರಿಸಿ ಲ್ಯಾಮಿನೇಷನ್ ಮಾಡಿಸಿದೆ. ಕೈಯಿಂದ ಸುಮಾರು 1,800 ರೂಪಾಯಿ ಹೋಯಿತು. ಒಂದೊಂದು ವಾಕ್ಯದಲ್ಲಿ ಎರಡು ಮೂರು ಪಾರಿಭಾಷಿಕ ಪದಗಳಿದ್ದುದರಿಂದ ಮಕ್ಕಳು ಚಿತ್ರ ನೋಡಿ ಕಾರ್ಡು ಕೆಳಗಿಟ್ಟರು. ಆ ಕಟ್ಟು ಈಗಲೂ ಬೀರುವಿನ ಮೇಲಿದೆ.

ಮರುವರ್ಷ ಓ.ಆರ್.ಎಸ್. ಪೊಟ್ಟಣದ ಹಿಂಬದಿಯ ಸೂಚನೆಯನ್ನು ಕನ್ನಡದಲ್ಲಿ ಹಾಳೆಗೆ ಬರೆದುಕೊಂಡು ಹೋದೆ. ಪೂರ್ತಿ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಬೇಕು, 24 ಗಂಟೆಯೊಳಗೆ ಬಳಸಬೇಕು ಎಂಬಷ್ಟೇ ಅದರ ಸಾರ. ನಾನು ಕೇಳಿದ್ದು: ಸೋಮವಾರ ಬೆಳಿಗ್ಗೆ 8ಕ್ಕೆ ಕಲಸಿದ್ದನ್ನು ಮಂಗಳವಾರ ಮಧ್ಯಾಹ್ನ ಕುಡಿಯಬಹುದೇ? ಹಾಳೆಯಲ್ಲಿ ಸೋಮವಾರವೂ ಇಲ್ಲ, ಮಧ್ಯಾಹ್ನವೂ ಇಲ್ಲ. ಬೆರಳುಗಳೆಲ್ಲ ಸುತ್ತಾಡಿ ಸುಸ್ತಾದ ಮೇಲೆ ಒಬ್ಬ ಹುಡುಗಿ, "ಚೆಲ್ಲಬೇಕು ಸರ್, ಬೇರೆ ಪೊಟ್ಟಣ ಒಡೀಬೇಕು" ಎಂದಳು. ನನ್ನ ವಿಧಾನವೆಲ್ಲ ಅಲ್ಲಿಂದಲೇ ಹುಟ್ಟಿತು: ಪ್ರಶ್ನೆಯ ಪದಗಳು ಪಠ್ಯದಲ್ಲಿ ಇರಲೇಬಾರದು.

ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಇದನ್ನು ಹೇಳಿದಾಗ, "ಕಥೆಯನ್ನೇ ಓದದವರಿಗೆ ಪೊಟ್ಟಣ ಓದಿಸುತ್ತೀರಾ ಮೇಷ್ಟ್ರೇ?" ಎಂದು ಹಿರಿಯರೊಬ್ಬರು ನಕ್ಕರು. ನಾನು ವಾದಿಸಲಿಲ್ಲ. ಕರೆಂಟ್ ಬಿಲ್ಲು, ಬಸ್ಸಿನ ವೇಳಾಪಟ್ಟಿಗಳನ್ನು ಮುಗಿಸಿ ಪಠ್ಯಪುಸ್ತಕಕ್ಕೆ ಮರಳಿದೆ; ಶೀರ್ಷಿಕೆಗಳ ಮೇಲೆ ಕಾಗದ ಅಂಟಿಸಿ, ಪ್ರತಿ ಪ್ಯಾರಾ ಯಾವ ಪ್ರಶ್ನೆಗೆ ಉತ್ತರವಾಗುತ್ತದೆಂದು ಮಕ್ಕಳಿಂದಲೇ ಬರೆಸಿದೆ. ವರ್ಷದ ಖರ್ಚು 150 ರೂಪಾಯಿ ದಾಟಿರಲಾರದು.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಕೀಟನಾಶಕದ ಡಬ್ಬಿಯನ್ನು ಮಕ್ಕಳ ಕೈಗೆ ಕೊಡುವಂತಿಲ್ಲವಾದ್ದರಿಂದ ಅದರ ಮೇಲಿನ ಗುರುತನ್ನು ಬೋರ್ಡಿನ ಮೇಲೆ ಬಿಡಿಸಿ ಕೆಂಪು, ಹಳದಿ, ನೀಲಿ, ಹಸಿರು ಬಣ್ಣ ತುಂಬಿದೆ. ಹಸಿರೆಂದರೆ ವಿಷವೇ ಇಲ್ಲ ಎಂದು ಎಲ್ಲರೂ ಕೂಗಿದರು. ವಿವರಣೆ ಓದಿದ ಮೇಲೆ, ಅದು ನಾಲ್ಕರಲ್ಲಿ ಕಡಿಮೆ ವಿಷದ್ದೇ ಹೊರತು ವಿಷವಿಲ್ಲದ್ದಲ್ಲ ಎಂಬುದು ತಿಳಿಯಿತು. ಊಹೆಗೂ ಓದಿಗೂ ಇರುವ ಅಂತರವನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ವರ್ಷದ ಕೊನೆಗೆ ಹದಿನೆಂಟೋ ಹತ್ತೊಂಬತ್ತೋ ಮಕ್ಕಳು ಹೊಸ ಪಠ್ಯವನ್ನು ತಾವೇ ಓದಿ ಉತ್ತರಿಸಿದರು. ನಕ್ಕಿದ್ದ ಹಿರಿಯರು ಪ್ರಶ್ನೆ ಹಾಳೆಗಳನ್ನು ಕೇಳಿ ಪಡೆದರು. ಪಠ್ಯದೊಳಗೆ ಬೇಕೆಂದೇ ಒಂದು ತಪ್ಪು ವಾಕ್ಯ ಸೇರಿಸುವ ಆಟದ ಹಾಳೆಯನ್ನು ಮಾತ್ರ ನಾನು ಕೊಡಲಿಲ್ಲ. ತಪ್ಪನ್ನು ಎಲ್ಲಿ ಅಡಗಿಸುತ್ತೇನೆಂಬುದು ಸದ್ಯ ನನ್ನ ಬಳಿಯೇ ಇರಲಿ. ಉಳಿದ ಏಳೆಂಟು ಮಕ್ಕಳಿಗೆ ನಾನೇ ಪಠ್ಯವನ್ನು ಓದಿ ಹೇಳಿದರೆ ಸರಿಯಾದ ಉತ್ತರವನ್ನೇ ಕೊಡುತ್ತಾರೆ. ಅವರ ತೊಡಕಿರುವುದು ಒತ್ತಕ್ಷರಗಳಲ್ಲಿ. ಹಾಗಾಗಿ ಅವರನ್ನು ಮಧ್ಯಾಹ್ನ ಅರ್ಧ ಗಂಟೆ, ಕೆಳಗಿನ ತರಗತಿಗಳಲ್ಲಿ ಓದು-ಬರಹ ಕಲಿಸಲು ಬಳಸುವ ನಲಿ-ಕಲಿ ಕಾರ್ಡುಗಳ ಮುಂದೆ ಕೂರಿಸುತ್ತಿದ್ದೇನೆ.